ಬಿಸಿಲಿಗೆ ಹರವಿದ ಕಟ್ಟು

2024ರ ನವೆಂಬರ್ 11, ಸೋಮವಾರ ಬೆಳಿಗ್ಗೆ ಕೊಟ್ಟೂರು ಠಾಣೆಗೆ ಬಂದ ದೂರು ಕೇಳಿ ಹೆಡ್ ಕಾನ್‌ಸ್ಟೆಬಲ್ ಓಬಳೇಶ್‌ಗೆ ನಗು ತಡೆಯಲಾಗಲಿಲ್ಲ. ಬೈಕಲ್ಲ, ಬಂಗಾರವಲ್ಲ, ಕಳುವಾಗಿದ್ದು ಹಳೇ ಕಾಗದದ ಕಟ್ಟು! ದೂರುದಾರ ವೀರಭದ್ರಯ್ಯ ಊರಿನ ಖಾಸಗಿ ಗ್ರಂಥಾಲಯದ ಕಾರ್ಯದರ್ಶಿ. ತೀರಿಹೋದ ವಿದ್ವಾಂಸ ಪಾಲಯ್ಯ ಮೇಷ್ಟ್ರು ಹಳ್ಳಿಹಳ್ಳಿ ತಿರುಗಿ, ಹೆಂಗಸರ ಬೀಸುವ ಹಾಡು ಬರೆದುಕೊಂಡ ಹಾಳೆಗಳೆಲ್ಲ ಅಲ್ಲಿದ್ದವು.

"ಮುಂದಿನ ವಾರ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕೋರಿದ್ವಿ ಮೇಡಂ. ಉಜ್ಜಿನಿ ಊರಿನ ಹಾಡಿನ ಕಟ್ಟೊಂದು ಕಾಣವಲ್ದು."

ಪಿಎಸ್‌ಐ ಮೆಹರೀನ ನಗಲಿಲ್ಲ. ಹರಪನಹಳ್ಳಿಯಲ್ಲಿ ಮೆಕ್ಯಾನಿಕ್ ಆಗಿದ್ದ ಅವಳಪ್ಪ ಹಳೇ ನಟ್ಟು ಬೋಲ್ಟನ್ನೂ ಬಿಸಾಡಿದವನಲ್ಲ. ಎಫ್‌ಐಆರ್ ದಾಖಲಿಸಿ ಗ್ರಂಥಾಲಯಕ್ಕೆ ಹೊರಟಳು.

ಸ್ಥಳ ಪಂಚನಾಮೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಕಪಾಟಿನ ಬೀಗ ಒಡೆದಿಲ್ಲ. ಅದರ ಕೀಲಿಯೋ, ಬಾಗಿಲ ಹಿಂದಿನ ಮೊಳೆಗೆ ತೂಗುವುದು ಅರ್ಧ ಕೊಟ್ಟೂರಿಗೇ ಗೊತ್ತು. ದಿನಗಟ್ಟಲೆ ಹಿಡಿದಿದ್ದ ಜಿಟಿಜಿಟಿ ಮಳೆ ಬಿಟ್ಟು ಅಂದೇ ಬಿಸಿಲು ಬಿದ್ದಿತ್ತು. ಕೆಲಸದ ಗೀತಮ್ಮ ಅಂಗಳದಲ್ಲಿ ಬಟ್ಟೆ ಹಾಸಿ ಹಾಳೆ ಹರವುತ್ತಿದ್ದಳು.

"ಇದೇನಮ್ಮ?"

"ಬೂಸಲು ಹಿಡಿತೈತ್ರಿ. ಮಳಿ ಬಿಟ್ಟ ದಿನಾನ ಬಿಸಲಿಗೆ ಹಾಕಬೇಕು. ನಮ್ಮ ಗುಮಾಸ್ತ ಗಂಗಾಧರಣ್ಣನ ಕಟ್ಟಳಿ."

"ಅವರೆಲ್ಲಿ?"

"ಇವತ್ತು ರಜಾ ಹಾಕ್ಯಾನ್ರಿ. ಯಾವತ್ತೂ ನನಗ ಹಾಳಿ ಮುಟ್ಟಾಕ ಬಿಡತಿದ್ದಿಲ್ಲ."

"ಯಾವೂರು ಅವರದು?"

"ಉಜ್ಜಿನಿ."

ಇಂಥ ಮನುಷ್ಯ ಬೇಕಾದರೆ ಹಬ್ಬದ ದಿನ ರಜೆ ಬಿಟ್ಟಾನು, ಇಂಥ ದಿನ ರಜೆ ಹಾಕುವವನಲ್ಲ. ಒಣಗಿಸಲು ಬೇರೆಲ್ಲೋ ಇನ್ನೊಂದು ಕಟ್ಟು ಇದ್ದರೆ ಮಾತ್ರ.

"ಓಬಳೇಶ್, ಜೀಪ್ ತೆಗೀರಿ."

ಉಜ್ಜಿನಿಯ ಮನೆಯ ಮಾಳಿಗೆ ಹತ್ತಿದಾಗ ಗಂಗಾಧರ್ ಒಂದೊಂದೇ ಹಾಳೆ ಮಗುಚಿಹಾಕುತ್ತಿದ್ದ. ಓಡಲಿಲ್ಲ.

"ಯಾಕೆ ತಂದ್ರಿ?"

"ನಮ್ಮವ್ವನ ಹಾಡ್ರಿ ಇವು." ದನಿ ತಗ್ಗಿಸಿದ. "ಅಪ್ಪ ಹೊಡೆದದ್ದು, ಬಸುರಿದ್ದಾಗ ಒದ್ದದ್ದು, ಹೆಸರು ಹಿಡಿದು ಹಾಡ್ಯಾಳ. ಯಾರಿಗೂ ತೋರಸಂಗಿಲ್ಲ ಅಂತ ಮೇಷ್ಟ್ರು ಮಾತು ಕೊಟ್ಟಿದ್ರಂತ. ಅಪ್ಪ ಕೆಳಗ ಅದಾನ. ಊರವರ ಮೊಬೈಲಿನಾಗ ಇದು ಬಂದ್ರ, ಈ ವಯಸ್ಸಿನಾಗ ಅವ್ವ ಎಲ್ಲಿಗಿ ಹೋಗಬೇಕ್ರಿ?"

"ಕಾರ್ಯದರ್ಶಿಗೆ ಹೇಳಬಹುದಿತ್ತು."

"ಹೇಳಿದ್ರ ಓದತಿದ್ರು."

"ಸುಟ್ಟುಹಾಕಿದ್ರೆ ಸಿಕ್ಕೇ ಬೀಳ್ತಿರಲಿಲ್ಲ."

"ಅವ್ವನ ಮಾತ್ರಿ. ಕೈ ಬರಲಿಲ್ಲ."

ಮೆಹರೀನ ಹಾಳೆಗಳನ್ನು ಓದಲು ಹೋಗಲಿಲ್ಲ. ಆದರೂ ಕಳವು ಕಳವೇ. ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಸಿದಳು: ಹಳೆಯ ಕೈಬರಹದ ಹಾಳೆಗಳು, ಒಂದು ಕಟ್ಟು.

"ಒಳಗೇನೈತಿ ಅಂತ ಬರೀಬೇಕಲ್ರಿ ಮೇಡಂ?" ಎಂದ ಓಬಳೇಶ್.

"ಅಷ್ಟು ಸಾಕು. ಸೀಲ್ ಹಾಕ್ರಿ."

ಗಂಗಾಧರ್‌ನನ್ನು ಬಂಧಿಸಿ ಕೆಳಗಿಳಿಸಿದಾಗ ಕುರ್ಚಿಯಲ್ಲಿ ಕೂತಿದ್ದ ಅವನಪ್ಪ ತಲೆ ಎತ್ತಿದ. "ಏನ್ರಿ ಬರದೈತಿ ಅದರಾಗ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತಾಯಿ ಮೈಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಹರೀನಳನ್ನೇ ನೋಡಿದಳು.

"ಬೀಸೋ ಹಾಡು ಅಜ್ಜ. ಎಲ್ಲರ ಮನೇಲೂ ಹಾಡೋವಂಥವೇ."

"ಥೂ! ಹೆಂಗಸರ ಹಾಡಿನ ಕಾಗದ ಕದ್ದು ಮನಿ ಮಾನ ಕಳದ್ಯಲ್ಲೋ."

ಗಂಗಾಧರ್ ಒಮ್ಮೆ ಅವ್ವನ ಕಡೆ ನೋಡಿದ.

"ತಪ್ಪಾತಪ್ಪ," ಅಂದು ಜೀಪು ಹತ್ತಿದ.