ಖಾಲಿ ಸೀಟಿಗೆ ಹೇಳಿದ ತುಲೌ

ಪ್ರವಾಸಿಗರಿಗೆ ಹಡಗು ತಪ್ಪಿಸಿದರೆ ಅವರನ್ನು ಮುಂದಿನ ಬಂದರಿಗೆ ಕಳಿಸುವ ವಿಮಾನದ ಖರ್ಚು ನಮ್ಮ ತಲೆಗೆ. ಮುಂದಿನ ಹಡಗುಗಳ ಕೆಲಸವೂ ಕೈತಪ್ಪುತ್ತದೆ. ನಮ್ಮ ದ್ವೀಪದ ರಾಜಧಾನಿ ಸುವಾ ತೋರಿಸುವ ಗೈಡ್ ನಾನು, ಇದು ಚೆನ್ನಾಗಿ ಗೊತ್ತು.

ಆ ಮಧ್ಯಾಹ್ನ ಬಸ್ಸಿನ ಹಿಂದಿನ ಸೀಟೊಂದು ಖಾಲಿಯಿತ್ತು. ಅದರ ಮೇಲೆ ನೇತುಹಾಕಿದ್ದ ಚೀಲಕ್ಕೆ ಕೈಚಾಚುತ್ತ, ಅಭ್ಯಾಸಬಲದಿಂದ "ತುಲೌ" ಎಂದೆ. ಯಾರ ತಲೆಯ ಮೇಲಿಂದ ಕೈ ಚಾಚಿದರೂ ನಾವು ಹಾಗೆ ಕ್ಷಮೆ ಕೇಳುತ್ತೇವೆ.

"ಖಾಲಿ ಸೀಟಿಗೂ ಮರ್ಯಾದೆನಾ, ಸೆರೆಯಾನಕ್ಕ? ನಂಗೊಂದಿನಾನೂ ಹೇಳಿಲ್ವಲ್ಲ!" ಚಾಲಕ ಮುನ್ಸಾಮಿ ನಕ್ಕ.

ಸೀಟಿನಿಂದ ಮೆಲ್ಲಗೆ ಚಪ್ಪಾಳೆ ಕೇಳಿಸಿತು. ಹಿರಿಯರು ಗೌರವ ಒಪ್ಪಿಕೊಳ್ಳುವಾಗ ಅಂಗೈ ಬೊಗಸೆ ಮಾಡಿ ತಟ್ಟುವ ಸದ್ದು ಅದು. ಅಂಥ ಬಿಸಿಲಲ್ಲೂ ಸೀಟು ತಣ್ಣಗೆ ಕೊರೆಯುತ್ತಿತ್ತು.

ವಾಪಸು ಬರುವಾಗ ಏರಿನ ನಡುವೆ ಎಂಜಿನ್ ನಿಂತಿತು. ಕೆಳಗೆ ಬಂದರಿನಲ್ಲಿ ಹಡಗು ಕೂಗುತ್ತಿತ್ತು.

"ಮುಗೀತಕ್ಕ ನಮ್ ಕಥೆ," ಎಂದು ಮುನ್ಸಾಮಿ ಕೀಲಿ ತಿರುಗಿಸುವುದನ್ನೇ ಬಿಟ್ಟ.

ನಾನು ಆ ಸೀಟಿನೆದುರು ಮಂಡಿಯೂರಿದೆ. "ತಾತ, ನಮ್ಮನ್ನ ದಡ ಮುಟ್ಟಿಸಿಬಿಡಿ."

ಮತ್ತೆ ಚಪ್ಪಾಳೆ. ಬಸ್ಸು ಸದ್ದೇ ಇಲ್ಲದೆ ಏರು ಹತ್ತತೊಡಗಿತು. ಪ್ರವಾಸಿಗರು ಹೋ ಎಂದು ಕೂಗಿದರು. ಹಡಗಿನ ಏಣಿ ಎತ್ತುವ ಮೊದಲೇ ಎಲ್ಲರನ್ನೂ ಹತ್ತಿಸಿ, ನಾನೂ ಮುನ್ಸಾಮಿಯೂ ಕಟ್ಟೆಯ ಮೇಲೆ ಕುಣಿದೇಬಿಟ್ಟೆವು.

ಆಮೇಲೆ ಅವನು ಬಾನೆಟ್ ಎತ್ತಿದ. ಡೀಸೆಲ್ ಪೈಪು ತುಂಡಾಗಿತ್ತು, ಏರಿನಲ್ಲಿ ನಿಂತ ಎಂಜಿನ್ ಆಮೇಲೆ ಓಡಿಯೇ ಇರಲಿಲ್ಲ.

ಈ ವರ್ಷದ ಹಡಗುಗಳ ಕೆಲಸವೆಲ್ಲ ನಮಗೇ ಸಿಕ್ಕಿದೆ.