ಬೂದಿ ಎಳೆಯುವ ಕಲ್ಲು

"ಈ ಕಲ್ಲನ್ನ ಏನು ಬೇಕಾದ್ರೂ ಮಾಡಿ ಸಾರ್, ಬಿಸಿ ಮಾತ್ರ ಮಾಡ್ಬೇಡಿ. ನಿಮ್ಮ ಮನೇಲಿ ಬೂದಿ ಇದೆ," ಎಂದ ಹರಳಿಗೆ ಸಾಣೆ ಹಿಡಿಯುವ ಮುದುಕ.

ಖನಿಜ ಪ್ರಯೋಗಾಲಯಕ್ಕೆ ಹೊಸದಾಗಿ ಬಂದಿದ್ದ ಪರೀಕ್ಷಕ ನಕ್ಕುಬಿಟ್ಟ. ಬೆರಳುದ್ದದ ಟೂರ್ಮಲಿನ್ ಹರಳು. ಅಡ್ಡಲಾಗಿ ಬೆಳಕಿಗೆ ಹಿಡಿದರೆ ಪಾಚಿಯ ಹಸಿರು, ಉದ್ದಕ್ಕೆ ಹಿಡಿದು ಕಣ್ಣಿಟ್ಟರೆ ಕಗ್ಗತ್ತಲು. ನೆಲದಾಳದಲ್ಲಿ ಕರಗಿದ ಬಂಡೆ ಆರುತ್ತಾ ಆರುತ್ತಾ, ಕೊನೆಗುಳಿದ ಬಿಸಿರಸದಲ್ಲಿ ಹುಟ್ಟುವ ಕಲ್ಲಿದು. ಇಂಥ ಅಪರೂಪದ ಹರಳಿಗೂ ಕಟ್ಟುಕತೆಯ ಕಾಟ ತಪ್ಪಲಿಲ್ಲವಲ್ಲ ಎನಿಸಿತು ಅವನಿಗೆ.

"ಬಿಸಿ ಮಾಡಿದ್ರೆ ಇದರ ತುದೀಲಿ ವಿದ್ಯುತ್ ಹುಟ್ಟುತ್ತೆ ಅಜ್ಜ, ಬೂದಿ ಬಂದು ಅಂಟುತ್ತೆ. ಆರೋವಾಗ ತುದಿಗಳು ಅದಲುಬದಲಾಗುತ್ವೆ. ಇದರಲ್ಲಿ ಮಾಟ ಎಲ್ಲಿಂದ ಬಂತು?"

"ಮಗನ್ನ ಸುಟ್ಟು ಬಂದ ತಾಯಿ ಮಾಟ ಮಾಡಿಸಿದ ಕಲ್ಲು ಇದು. ಬಿಸಿಯಾದ್ರೆ ಒಂದು ತುದಿ ಸತ್ತೋರನ್ನ ಕರೆಯುತ್ತೆ. ಆರಿದ್ರೆ ಇನ್ನೊಂದು ತುದಿ ಬದಲಿಗೆ ಬದುಕಿರೋರನ್ನ ಕೇಳುತ್ತೆ." ಮುದುಕ ತಲೆಯೆತ್ತಲಿಲ್ಲ. "ಆ ತಾಯಿಗೆ ಒಬ್ಬ ಮಗಳೂ ಇದ್ಲು."

ಆ ಸಂಜೆ ಕಲ್ಲು ಅವನ ಜೇಬು ಸೇರಿ ಮನೆಗೆ ಬಂತು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳು. ಅವಳ ಬೂದಿ ಅಡುಗೆಮನೆಯ ಕಪಾಟಿನ ಮೇಲೆ ಚೊಂಬಿನಲ್ಲಿತ್ತು. ನೀರಿಗೆ ಬಿಡೋಣವೆಂದರೆ ಇವನಿಗೆ ಮನಸ್ಸು ಬರುತ್ತಿರಲಿಲ್ಲ. ಆರು ವರ್ಷದ ಪುಟ್ಟಿ ಅಮ್ಮ ಹೋದಂದಿನಿಂದ ಒಂದು ತುತ್ತನ್ನೂ ನೆಟ್ಟಗೆ ತಿಂದಿರಲಿಲ್ಲ. ಮುದುಕನ ಮಾತಿಗೆ ನಕ್ಕಿದ್ದರೂ ಅವನ ಎದೆಯಲ್ಲಿ ಆಸೆಯಿತ್ತು, ಪಾಪ.

ಮರುದಿನ ಮಧ್ಯಾಹ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು, ತಟ್ಟೆಯಲ್ಲಿ ಒಂದು ಕಾಗದ ಸುಟ್ಟು ಬೂದಿ ಮಾಡಿದ. ಕಲ್ಲನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಒಡ್ಡಿದ.

"ನೋಡ್ತಾ ಇರು ಪುಟ್ಟಿ, ಬೂದಿ ಹೇಗೆ ಎದ್ದು ಬರುತ್ತೆ ಅಂತ."

ತಟ್ಟೆಯ ಬೂದಿ ಅಲುಗಲಿಲ್ಲ. ಕಪಾಟಿನ ಮೇಲೆ ಚೊಂಬಿಗೆ ಕಟ್ಟಿದ್ದ ಬಟ್ಟೆ ಉಬ್ಬಿತು.

ಗಂಟು ತಾನಾಗಿಯೇ ಬಿಚ್ಚಿತು. ಬೂದಿ ಎಳೆಯೆಳೆಯಾಗಿ ಇಳಿಯಿತು. ಕಿಟಕಿ ಮಂಕಾಯಿತು. ಹಗಲು ಕಪ್ಪಾಯಿತು. ಒದ್ದೆ ಕೂದಲಿನ ವಾಸನೆ, ಅವಳ ಸೋಪಿನ ವಾಸನೆ, ಅದರಡಿಯಲ್ಲಿ ಸುಟ್ಟ ವಾಸನೆ. ಕತ್ತಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮಾತಾಡುವ ಮುಂಚೆ ಅವಳು ಹಾಗೇ ಮಾಡುತ್ತಿದ್ದಳು.

"ತಲೆ ಬಾಚ್ಕೊಂಡಿಲ್ವೇನೇ ಪುಟ್ಟಿ?"

ಬೂದುಬಣ್ಣದ ಬೆರಳುಗಳು ಮಗುವಿನ ಜಡೆ ಬಿಚ್ಚತೊಡಗಿದವು. "ಅಮ್ಮ," ಎಂದು ಪುಟ್ಟಿ ನಕ್ಕಳು. ನಾಲ್ಕು ತಿಂಗಳಲ್ಲಿ ಅದೇ ಮೊದಲ ನಗು. ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಯನ್ನು ಮುಟ್ಟಲು ಕೈ ಚಾಚಿದ. ಇಕ್ಕಳ ಉರಿಯಿಂದ ಸರಿಯಿತು.

ಕಲ್ಲು ಆರತೊಡಗಿತು.

"ರೀ, ಆರೋಕೆ ಬಿಡ್ಬೇ..." ಮಾತಿನ ನಡುವೆಯೇ ಅವಳು ನೆಲಕ್ಕೆ ಉದುರಿದಳು. ಪುಟ್ಟಿಯ ಜಡೆಯ ತುದಿ ಬೂದಿಯಾಯಿತು. ಆಮೇಲೆ ಕಿರುಬೆರಳು. ಮಗು ಅಳಲೂ ಇಲ್ಲ. ಅವನು ಸುಡುವ ಕಲ್ಲನ್ನು ಬರಿಗೈಯಲ್ಲಿ ಹಿಡಿದ. ಚರ್ಮ ಚುರ್ರೆಂದಿತು. ಬಿಡಲಿಲ್ಲ. ಕಂಕುಳಿಗೆ ಒತ್ತಿಕೊಂಡ. ಕಲ್ಲು ಅವನ ಮೈಯಷ್ಟೇ ಬಿಸಿಗೆ ಬಂದು ನಿಂತಿತು. ಮಗಳು ಬೂದಿಯಾಗುವುದೂ ಅಲ್ಲಿಗೇ ನಿಂತಿತು.

"ಆರದ ಹಾಗೆ ಮೈಗೆ ಕಟ್ಕೊಂಡಿರಿ ಸಾರ್," ಎಂದ ಮುದುಕ ಮರುದಿನ, ಅವನ ಬೆಂದ ಕೈ ನೋಡಿ. "ಅದು ಒಬ್ಬರನ್ನ ಕೇಳಿದ್ಮೇಲೆ ಇನ್ನೊಬ್ಬರನ್ನ ತಗೊಳ್ಳಲ್ಲ."

"ನಾನು ಸತ್ತಮೇಲೆ?"

ಮುದುಕ ಸಾಣೆಯ ಚಕ್ರ ತಿರುಗಿಸತೊಡಗಿದ.

ಇಪ್ಪತ್ತೆರಡು ವರ್ಷ ಕಲ್ಲು ಅವನ ಕಂಕುಳಲ್ಲೇ ಇತ್ತು. ಅವನಿಗೆ ಜ್ವರ ಬಂದು ಇಳಿದಾಗೆಲ್ಲ ಮಗಳ ಕೂದಲಿನ ಒಂದೆರಡು ಎಳೆ ಬೂದಿಯಾಗಿ ಉದುರುತ್ತಿದ್ದವು. ಯಾಕೆಂದು ಅವನು ಅವಳಿಗೆ ಹೇಳಲೇ ಇಲ್ಲ. ಹೆತ್ತ ಮಗಳಿಗೆ ಅದನ್ನು ಹೇಗೆ ಹೇಳುವುದು?

ಈಗ ಅವನು ಹಾಸಿಗೆ ಹಿಡಿದಿದ್ದಾನೆ. ಪುಟ್ಟಿ ಗಂಡನ ಮನೆಯಿಂದ ಓಡಿಬಂದು, ನಾಲ್ಕು ಬೆರಳಿನ ಕೈಯಲ್ಲಿ ಅಪ್ಪನ ಪಾದ ತಿಕ್ಕುತ್ತಿದ್ದಾಳೆ. ಏನೋ ಹೇಳಬೇಕೆಂದು ಅವನ ತುಟಿ ಅದುರುತ್ತದೆ. ನಾಲಿಗೆ ಹೊರಳುವುದಿಲ್ಲ.

"ನಿನ್ನ ಕಾಲು ಯಾಕಪ್ಪ ಇಷ್ಟು ತಣ್ಣಗಿದೆ?" ಎನ್ನುತ್ತಾಳೆ ಪುಟ್ಟಿ. "ಇರು, ಇನ್ನೊಂದು ಕಂಬಳಿ ತರ್ತೀನಿ."