ಟ್ಯಾಂಕಿನ ಉಸಿರು

ಮಾರ್ಚ್ 11, ಬೆಳಿಗ್ಗೆ 10.20. ಕಿರಂಗೂರು ಬಳಿಯ ಸಗಣಿ ಗ್ಯಾಸ್ ಘಟಕದ ಮ್ಯಾನೇಜರ್ ದೇವರಾಜು ದೂರು ಹಿಡಿದು ಶ್ರೀರಂಗಪಟ್ಟಣದ ಠಾಣೆಗೆ ಬಂದ. ಹನ್ನೆರಡು ದಿನದಿಂದ ಗ್ಯಾಸ್ ಕುಸಿಯುತ್ತಿದೆ, ಯಾರೋ ಬೇಕೆಂದೇ ಟ್ಯಾಂಕು ಕೆಡಿಸುತ್ತಿದ್ದಾರೆ, ಅನುಮಾನ ಆಪರೇಟರ್ ಇಮಾಮ್ ಮೇಲೆ.

"ಇವತ್ತೇ ಅವ್ನನ್ನ ಒಳಗಾಕಿ ಮೇಡಂ."

ಪಿಎಸ್ಐ ಸಂಘಮಿತ್ರಾ ಎಫ್‌ಐಆರ್ ದಾಖಲಿಸಿದರು. ಆದರೆ ಯಾರೋ ಬೆರಳು ತೋರಿಸಿದರೆಂದು ಬೇಡಿ ಹಾಕುವ ಜಾಯಮಾನ ಅವರದಲ್ಲ.

11.45ಕ್ಕೆ ಸ್ಥಳ ಪರಿಶೀಲನೆ. ಇಮಾಮನ ಮುಖ ಬಿಳಿಚಿಕೊಂಡಿತ್ತು.

"ಅಲ್ಲಾನ ಆಣೆ, ನಾನಲ್ಲ ಮೇಡಂ. ಒಳಗೆ ಗಾಳಿ ಓಗ್ತೈತೆ. ಗ್ಯಾಸ್ ಮಾಡೋ ಉಳಕ್ಕೆ ಗಾಳೀನೇ ವಿಷ. ಒಳಗೆ ಸಗಣಿ ಕಲಕೋ ಪಂಕದ ಫ್ಯೂಸೂ ದಿನಾ ಮಧ್ಯಾಹ್ನ ಮಾಯ. ಕಲಕ್ದೆ ಇದ್ರೆ ಮೇಲೆ ದಪ್ಪ ಕೆನೆ ಕಟ್ಬುಡ್ತದೆ. ಆಮೇಲೆ... ಟ್ಯಾಂಕು ಉಸಿರಾಡ್ತದೆ."

"ಏನ್ಲಾ, ನಮ್ ಕಿವೀಗೇ ಹೂವ ಇಡ್ತೀಯಾ?" ಎಂದು ಪೇದೆ ಪುಟ್ಟಸ್ವಾಮಿ ನಕ್ಕ.

ಸಂಘಮಿತ್ರಾ ನಗಲಿಲ್ಲ. ಹೋದ ವರ್ಷ ಇದೇ ಟ್ಯಾಂಕು ತೊಳೆಯಲು ಇಳಿದ ಚಿಕ್ಕಸ್ವಾಮಿ ಉಸಿರುಗಟ್ಟಿ ಸತ್ತಿದ್ದ. ಅವನ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

1.10. ಎಲ್ಲರೂ ಊಟಕ್ಕೆ ಹೋಗಿದ್ದರು. ಉರಿಬಿಸಿಲು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸಂಘಮಿತ್ರಾ ಟ್ಯಾಂಕಿನ ಗೋಡೆಗೆ ಕಿವಿಯಿಟ್ಟರು. ಉಸ್... ಸ್ವಲ್ಪ ಹೊತ್ತು ಮೌನ. ಮತ್ತೆ ಉಸ್... ಒಳಗೆ ಯಾರೋ ಮಲಗಿದ್ದಾರೆ! ಪುಟ್ಟಸ್ವಾಮಿ ಕರಿಘಟ್ಟದ ಗುಡಿಯ ಕಡೆ ತಿರುಗಿ ಕೈ ಮುಗಿದುಬಿಟ್ಟ.

ಹೆದರಿಕೆ ನುಂಗಿಕೊಂಡು ಅವರು ಸಗಣಿ ಸುರಿಯುವ ಬಾಯಿಗೆ ಬಂದರು. ಅದರೊಳಕ್ಕೆ ಒಂದು ಕಪ್ಪು ಪೈಪು ಇಳಿದಿತ್ತು. ಜಾಡು ಹಿಡಿದು ಹೋದರೆ ಗೊಬ್ಬರ ಒಣಗಿಸುವ ಬ್ಲೋವರ್ ಸಿಕ್ಕಿತು. ಅದು ಊದಿದ ಗಾಳಿಯೇ ಕೆನೆ ಒಡೆದು ಉಸಿರಾಗುತ್ತಿತ್ತು. ಪಕ್ಕದಲ್ಲಿ ಗೊಬ್ಬರ ಒಣಗಿಸುವ ಕೆಲಸದ ಬೆಟ್ಟಮ್ಮ, ಚಿಕ್ಕಸ್ವಾಮಿಯ ತಾಯಿ. ಫ್ಯೂಸು ಅವಳ ಸೆರಗಿನ ಗಂಟಿನಲ್ಲಿತ್ತು.

"ಫ್ಯೂಸು ಯಾಕಮ್ಮ ಕಿತ್ರಿ?"

"ಪಂಕ ತಿರುಗುದ್ರೆ ನನ್ ಮಗೀಗೆ ಏಟಾಗಕಿಲ್ವಾ, ತಾಯಿ?"

"ಈ ಪೈಪು?"

"ಗಾಳಿ ಸಿಕ್ದೆ ತಾನೇ ಅವ್ನು ಒದ್ದಾಡಿದ್ದು."

ಊಟ ಮುಗಿಸಿ ಬಂದಿದ್ದ ಇಮಾಮ್ ಅವಳ ಎದುರಿಗೆ ಕೂತ. "ಅಮ್ಮಾ, ಚಿಕ್ಕನ್ನ ನಾನೇ ಈಚೆಗೆ ಎತ್ಕೊಂಡು ಬಂದ್ನಲ್ಲ!"

"ನೀನು ತಂದಿದ್ದು ಮೈ ಕಣಪ್ಪ. ಅವತ್ತು ನೀನೇ ಯೋಳ್ದೆಯಲ್ಲ, 'ಉಸ್ರು ಒಳಗೇ ನಿಂತೋಯ್ತು ಅಮ್ಮಾ' ಅಂತ. ಒಳಗೆ ನಿಂತಿರೋದನ್ನ ಅಂಗೇ ಬುಟ್ಟು ನಾನೆಂಗ್ಲಾ ಉಣ್ಲಿ?"

ಇಮಾಮ್ ಅವತ್ತು ಹಾಗೆ ಹೇಳಿದ್ದು ನಿಜವೇ. ಬೇರೆ ಹೇಗೆ ಹೇಳಬೇಕಿತ್ತು ಪಾಪ!

2.30ಕ್ಕೆ ಪಂಚನಾಮೆ ಮುಗಿಯಿತು. ಪೈಪು, ಫ್ಯೂಸು ಜಪ್ತಿ. ಇಮಾಮನನ್ನು ಕೈಬಿಟ್ಟು ಬೆಟ್ಟಮ್ಮನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಅವಳು ಕೇಳಿದ್ದು ಒಂದೇ: "ನಾಳೆ ಗಾಳಿ ಯಾರು ಬುಡ್ತಾರೆ?"

ಠಾಣೆಯಲ್ಲಿ ಸಂಘಮಿತ್ರಾ ವರದಿಯ 'ಕೃತ್ಯದ ಉದ್ದೇಶ' ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು. ಕೊನೆಗೆ ಬರೆದರು: ಮಗನನ್ನು ಉಳಿಸಿಕೊಳ್ಳುವುದು.